ನೈಟಿನ ಮುಂದಿನ ಕೆ

ಉಕ್ತಲೇಖನದಲ್ಲಿ ರಾತ್ರಿಯೆಂಬರ್ಥದ 'ನೈಟ್' ಬರೆಯುವಾಗ ಮುಂದೊಂದು ಕೆ ಸೇರಿಸಿ, ರಾತ್ರಿಯನ್ನು ರಾವುತನನ್ನಾಗಿ ಮಾಡಿ ಪೆಟ್ಟು ತಿಂದವನು ನಾನು. ನುಡಿಯದ ಅಕ್ಷರವನ್ನು ಬರೆಯುವುದೇಕೆಂದು ಮೇಷ್ಟ್ರು ಹೇಳಲಿಲ್ಲ. 14ನೆಯ ಶತಮಾನದಲ್ಲಿ, ಚಾಸರ್ ಕವಿಯ ಕಾಲದಲ್ಲಿ, ಆ ರಾವುತ 'ಕ್ನಿಹ್ಟ್' ಆಗಿದ್ದನೆಂದು ತಿಳಿದದ್ದು ಬಹಳ ತಡವಾಗಿ. 1476ರಲ್ಲಿ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚುಕೂಟ ತೆರೆದ. ಬರಬರುತ್ತ ಕಾಗುಣಿತ ಗಟ್ಟಿಯಾಯಿತು. ನಾಲಿಗೆ ಮಾತ್ರ ಬದಲಾಗುತ್ತಲೇ ಹೋಯಿತು. ಸುಮಾರು 1700ರ ಹೊತ್ತಿಗೆ ಕೆ ಬಾಯಿಂದ ಜಾರಿ, ಎರಡು ಮಾತಿಗೂ ಒಂದೇ ದನಿಯಾಯಿತು.

ನಾವಾದರೋ ಱ ದನಿಯೊಡನೆ ಅಕ್ಷರವನ್ನೂ ಬಿಟ್ಟೆವು. 'ಅಱಿ' ಎಂದರೆ ತಿಳಿ, 'ಅರಿ' ಎಂದರೆ ಶತ್ರು. ಈಗ ಎರಡೂ ಅರಿಯೇ. ಇಂಗ್ಲಿಷರು ಕಿವಿ ಕಳೆದುಕೊಂಡದ್ದನ್ನು ಕಣ್ಣಿಗೆ ಉಳಿಸಿಕೊಂಡರು. ಅಂದು ಇಷ್ಟನ್ನು ಯಾರಾದರೂ ಹೇಳಿದ್ದರೆ ಪೆಟ್ಟು ಬೇಕಿರಲಿಲ್ಲ.