ಉಗ್ಗನ್ನು ಗೆದ್ದ ದನಿ

ಗಾಲ್ಫ್ ಆಟದ ನೇರಪ್ರಸಾರವನ್ನು ನೀವು ಎಂದಾದರೂ ನೋಡಿದ್ದೀರಾ? ಬಹಳ ಹೊತ್ತು ಅಲ್ಲಿ ಏನೂ ನಡೆಯುವುದಿಲ್ಲ. ಆಟಗಾರ ನಡೆಯುತ್ತಾನೆ, ನಿಲ್ಲುತ್ತಾನೆ, ಹುಲ್ಲನ್ನು ದಿಟ್ಟಿಸುತ್ತಾನೆ. ಆ ಬಿಡುವನ್ನು ತುಂಬುವುದು ವಿವರಣೆಗಾರರ ದನಿ. ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1968ರಿಂದ 2002ರವರೆಗೆ ಆ ಕೆಲಸ ಮಾಡಿದ ಕೆನ್ ವೆಂಚುರಿ ಬಾಲ್ಯದಲ್ಲಿ ವಿಪರೀತ ಉಗ್ಗುತ್ತಿದ್ದರು.

1931ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿದ ವೆಂಚುರಿ ಗಾಲ್ಫ್ ಹಿಡಿದದ್ದೇ ಉಗ್ಗಿನ ದೆಸೆಯಿಂದ. ಇಲ್ಲಿ ಯಾರೊಡನೆಯೂ ಮಾತು ಬೇಕಿಲ್ಲ. ಒಂಟಿಯಾಗಿ ಚೆಂಡು ಹೊಡೆಯುತ್ತ ತನ್ನೊಳಗೆ ತಾನೇ ಮಾತನಾಡಿಕೊಳ್ಳಬಹುದು. 1956ರಲ್ಲಿ, ಇನ್ನೂ ಹವ್ಯಾಸಿ ಆಟಗಾರನಾಗಿದ್ದಾಗಲೇ, ಮಾಸ್ಟರ್ಸ್ ಪ್ರಶಸ್ತಿ ಒಂದೇ ಹೊಡೆತದಿಂದ ಕೈತಪ್ಪಿತು. 1960ರ ನಂತರವಂತೂ ಗೆಲುವೇ ಇರಲಿಲ್ಲ.

1964ರ ಜೂನ್. ವಾಷಿಂಗ್ಟನ್ ಬಳಿಯ ಕಾಂಗ್ರೆಷನಲ್ ಕ್ಲಬ್ಬಿನಲ್ಲಿ ಯು.ಎಸ್. ಓಪನ್. ಕೊನೆಯ ದಿನ ಒಂದೇ ಸಮನೆ 36 ಕುಳಿಗಳ ಆಟ. ಬಿಸಿಲು 38 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಜೊತೆಗೆ ಗಾಳಿಯಲ್ಲಿ ತೇವ. ಇಂಥ ಹವೆಯಲ್ಲಿ ಬೆವರು ಸುರಿಯುತ್ತದೆಯೇ ಹೊರತು ಆವಿಯಾಗುವುದಿಲ್ಲ. ಬೆವರು ಆವಿಯಾಗದಿದ್ದರೆ ಮೈ ತಣಿಯದು. ನೀರು, ಉಪ್ಪು ಎರಡೂ ಸೋರಿಹೋಗುತ್ತವೆ. ಬೆಳಗಿನ ಸುತ್ತನ್ನು 66 ಹೊಡೆತಗಳಲ್ಲಿ ಮುಗಿಸಿದ ವೆಂಚುರಿ ನಿಲ್ಲಲಾರದ ಸ್ಥಿತಿಗೆ ಬಂದಿದ್ದರು. ಮುಂದುವರಿದರೆ ಪ್ರಾಣಾಪಾಯ ಎಂದರು ವೈದ್ಯರಾದ ಡಾ. ಜಾನ್ ಎವರೆಟ್. ವೆಂಚುರಿ ಕೇಳಲಿಲ್ಲ. ಉಪ್ಪಿನ ಮಾತ್ರೆ ನುಂಗುತ್ತ ಮತ್ತೆ 18 ಕುಳಿ ಆಡಿದರು. ವೈದ್ಯರೂ ಜೊತೆಯಲ್ಲೇ ನಡೆದರು. ಒಟ್ಟು 278 ಹೊಡೆತ. ನಾಲ್ಕು ಹೊಡೆತಗಳ ಅಂತರದ ಗೆಲುವು! ಕೊನೆಯ ಕುಳಿಯೊಳಗಿನ ಚೆಂಡನ್ನು ಎತ್ತಿಕೊಟ್ಟವರು ಜೊತೆ ಆಟಗಾರ, 21ರ ತರುಣ ರೇಮಂಡ್ ಫ್ಲಾಯ್ಡ್. ಅದು ಸಾಹಸವೇನೋ ಹೌದು, ಆದರೆ ನೀವು ಅನುಕರಿಸುವಂಥದ್ದಲ್ಲ. 1965ರಿಂದ ಆ ಪಂದ್ಯವನ್ನು ನಾಲ್ಕು ದಿನಗಳಿಗೆ ಹಂಚಲಾಯಿತು.

ಮುಂದೆ ಮಣಿಕಟ್ಟಿನ ನರಗಳು ಅದುಮಿಕೊಂಡು ಕೈಬೆರಳುಗಳು ಜೋಮುಗಟ್ಟಿದವು. ಶಸ್ತ್ರಚಿಕಿತ್ಸೆಯ ನಂತರ, 1966ರಲ್ಲಿ ಸ್ವಂತ ಊರಿನ ಹಾರ್ಡಿಂಗ್ ಪಾರ್ಕ್‌ನಲ್ಲಿ ಕೊನೆಯ ಗೆಲುವು. ಆಮೇಲೆ ಮೈಕು. ಕಿವಿಯಲ್ಲಿ ನಿರ್ದೇಶಕರ ಸೂಚನೆ ಮೊಳಗುತ್ತಿರುವಾಗಲೇ ತಡವರಿಸದೆ ಮಾತನಾಡುವುದು ಎಂಥ ಕಷ್ಟವೆಂದು ಸ್ಟುಡಿಯೋದಲ್ಲಿರುವ ನಮಗೆ ಗೊತ್ತು. ಉಗ್ಗಿದ ನಾಲಿಗೆಗೆ ಇನ್ನೆಷ್ಟು! ವೆಂಚುರಿ ಚಿಕ್ಕ ವಾಕ್ಯಗಳಲ್ಲಿ ಹೇಳುತ್ತಿದ್ದರು.

ಬೈರನ್ ನೆಲ್ಸನ್ ಅವರಿಂದ ಕಲಿತ ವಿದ್ಯೆಯನ್ನು ವೆಂಚುರಿ ಜಾನ್ ಕುಕ್ ಮೊದಲಾದವರಿಗೆ ಕಲಿಸಿದರು. ಪ್ರಸಾರದ ನಡುವೆ ವೀಕ್ಷಕರಿಗೂ ಪುಟ್ಟ ಪಾಠಗಳಿರುತ್ತಿದ್ದವು. 2013ರ ಮೇ ತಿಂಗಳಲ್ಲಿ ವಿಶ್ವ ಗಾಲ್ಫ್ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡಾಗ ಅವರು ಆಸ್ಪತ್ರೆಯಲ್ಲಿದ್ದರು. ಮಕ್ಕಳಿಬ್ಬರು ವೇದಿಕೆಗೆ ಹೋದರು. ಅದೇ ತಿಂಗಳ 17ರಂದು, 82ನೇ ವಯಸ್ಸಿನಲ್ಲಿ, ವೆಂಚುರಿ ತೀರಿಕೊಂಡರು.