ವಿದ್ಯಾರ್ಥಿಗಳ ಹೊರವಸತಿ, ಕರ್ನಾಟಕದಲ್ಲಿ

ಕಾಲೇಜು ಅಥವಾ ವಿಶ್ವವಿದ್ಯಾನಿಲಯದ ಹಾಸ್ಟೆಲಿನಲ್ಲಿ ಜಾಗ ಸಿಗದೆ, ಇಲ್ಲವೆ ಅಲ್ಲಿರಲು ಇಷ್ಟವಿಲ್ಲದೆ, ಊರೊಳಗೆ ರೂಮು, ಬಾಡಿಗೆ ಮನೆ ಅಥವಾ ಪಿಜಿ (ಪೇಯಿಂಗ್ ಗೆಸ್ಟ್ ವಸತಿ) ಹಿಡಿದು ಓದುವುದನ್ನು ಹೊರವಸತಿ ಎನ್ನಬಹುದು. ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ 2021-22ರ ವರದಿಯಂತೆ 18ರಿಂದ 23ರ ವಯೋಮಾನದ ಪ್ರತಿ ಲಕ್ಷ ಜನರಿಗೆ 66 ಕಾಲೇಜುಗಳಿದ್ದ ಕರ್ನಾಟಕ ಈ ಲೆಕ್ಕದಲ್ಲಿ ದೇಶದ ದೊಡ್ಡ ರಾಜ್ಯಗಳ ಮುಂಚೂಣಿಯಲ್ಲಿತ್ತು. ಅದೇ ವರದಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಕಾಲೇಜುಗಳ ಸಂಖ್ಯೆ 1,106. ಬೇರೆ ಯಾವ ಜಿಲ್ಲೆಯಲ್ಲೂ ಅಷ್ಟಿರಲಿಲ್ಲ. ಕಾಲೇಜು ತೆರೆದ ವೇಗದಲ್ಲಿ ಹಾಸ್ಟೆಲುಗಳು ಏಳಲಿಲ್ಲ. ಹೊರವಸತಿಯ ತೊಡಕುಗಳಿಗೆ ಮೂಲ ಇದೇ ಆದರೂ ರೂಮುಗಳ ಕೊರತೆಯೊಂದೇ ಕಾರಣವಲ್ಲ. ರೂಮು ಖಾಲಿ ಇದ್ದರೂ ಅದು ಯಾರಿಗೆ ಸಿಗುತ್ತದೆ, ಸಿಕ್ಕ ಮೇಲೆ ಕಾನೂನು ಯಾರ ಕಡೆಗಿರುತ್ತದೆ ಎಂಬುದು ಇನ್ನೂ ಕಠಿಣವಾದ ಪ್ರಶ್ನೆ.

ಹಿನ್ನೆಲೆ

ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಆರಂಭವಾದಾಗ ಹಳ್ಳಿಯಿಂದ ಓದಲು ಬಂದ ಬಡ ಹುಡುಗನಿಗೆ ಇದ್ದ ದಾರಿಗಳು ಕೆಲವೇ. ವಾರಾನ್ನ ಅವುಗಳಲ್ಲೊಂದು: ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ, ಮಲಗಲು ಯಾರದೋ ಜಗಲಿ, ಛತ್ರ ಅಥವಾ ಹಂಚಿಕೊಂಡ ರೂಮು. ಈ ಏರ್ಪಾಟು ಬಹುಮಟ್ಟಿಗೆ ಬ್ರಾಹ್ಮಣ ವಿದ್ಯಾರ್ಥಿಗಳಿಗೇ ಒದಗುತ್ತಿತ್ತು. ಉಳಿದವರಿಗಾಗಿ ಆಯಾ ಸಮುದಾಯಗಳ ಸಂಘಗಳೂ ಮಠಗಳೂ ವಿದ್ಯಾರ್ಥಿನಿಲಯಗಳನ್ನು ಕಟ್ಟಿದವು. 1906ರಲ್ಲಿ ಸ್ಥಾಪನೆಯಾದ ಒಕ್ಕಲಿಗರ ಸಂಘ, ಧಾರವಾಡದ ಮುರುಘಾಮಠದ ಪ್ರಸಾದನಿಲಯ, ಸುತ್ತೂರು ಮಠ 1941ರಲ್ಲಿ ಮೈಸೂರಿನಲ್ಲಿ ತೆರೆದ ವಿದ್ಯಾರ್ಥಿನಿಲಯ, ತುಮಕೂರಿನ ಸಿದ್ಧಗಂಗಾ ಮಠದ ಉಚಿತ ಅನ್ನ ಮತ್ತು ವಸತಿ ಈ ಪರಂಪರೆಗೆ ಸೇರಿದವು. ಕುವೆಂಪು ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಅವರಿಗೆ ಆಸರೆಯಾದದ್ದು ಅಲ್ಲಿನ ರಾಮಕೃಷ್ಣಾಶ್ರಮ. ದಲಿತ ವಿದ್ಯಾರ್ಥಿಗಳ ಪಾಲಿಗೆ ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲ್ ಎಂಥ ಜಾಗವಾಗಿತ್ತು ಎಂಬುದಕ್ಕೆ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ ಸಾಕ್ಷಿ.

ಸ್ವಾತಂತ್ರ್ಯಾನಂತರ ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಇಲಾಖೆ, ಅಲ್ಪಸಂಖ್ಯಾತರ ಇಲಾಖೆಗಳು ಹಾಸ್ಟೆಲುಗಳನ್ನು ತೆರೆದವು. ಜನರ ಬಾಯಲ್ಲಿ ‘ಬಿಸಿಎಂ ಹಾಸ್ಟೆಲ್’ ಎನ್ನುವುದು ಇವುಗಳಲ್ಲಿ ಹಿಂದುಳಿದ ವರ್ಗಗಳ ಇಲಾಖೆಯದನ್ನು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ (1949), ಬೆಂಗಳೂರು ವಿಶ್ವವಿದ್ಯಾಲಯ (1964), ಗುಲ್ಬರ್ಗ ಮತ್ತು ಮಂಗಳೂರು ವಿಶ್ವವಿದ್ಯಾಲಯಗಳು (1980) ಸ್ನಾತಕೋತ್ತರ ವಿದ್ಯಾರ್ಥಿಗಳಿಗಾಗಿ ಆವರಣದೊಳಗೇ ಹಾಸ್ಟೆಲ್ ಕಟ್ಟಿಸಿದವು. ಊರೊಳಗಿನ ಪದವಿ ಕಾಲೇಜಿನ ವಿದ್ಯಾರ್ಥಿಗಳ ವಸತಿಯನ್ನು ಮಾತ್ರ ಯಾರೂ ತಮ್ಮ ಹೊಣೆಯೆಂದು ತಿಳಿಯಲಿಲ್ಲ. ಸರ್ಕಾರಿ ಹಾಸ್ಟೆಲಿನಲ್ಲಿ ಸೀಟು ಸಿಗದವರಿಗೆಂದು 2013-14ರಲ್ಲಿ ಬಂದ ವಿದ್ಯಾಸಿರಿ ಯೋಜನೆ ಅರ್ಹ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ ಮತ್ತು ವಸತಿಗಾಗಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ನೆರವು ಕೊಡುವುದರಿಂದ ಶುರುವಾಯಿತು. ಜಿಲ್ಲಾ ಕೇಂದ್ರದಲ್ಲಿ ನಾಲ್ವರು ಸೇರಿ ರೂಮು ಮಾಡಿಕೊಂಡರೆ ಈ ಹಣ ಸ್ವಲ್ಪ ಹಗುರ ಮಾಡೀತು. ಬೆಂಗಳೂರಿನಲ್ಲಿ ಮೂವರಿರುವ ಪಿಜಿ ಕೋಣೆಯ ಒಂದು ಮಂಚಕ್ಕೆ ಇದರ ಹಲವು ಪಟ್ಟು ಬೇಕು.

ವಸತಿಯ ಬಗೆಗಳು

ಹೊರವಸತಿಯ ರೂಪ ಊರಿಂದ ಊರಿಗೆ ಬೇರೆ. ಮೈಸೂರಿನಲ್ಲಿ ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಗೆ ಅಂಟಿಕೊಂಡ ಪಡುವಾರಹಳ್ಳಿಯಂಥ ಹಳೆಯ ಹಳ್ಳಿಗಳ ಇಕ್ಕಟ್ಟು ಮನೆಗಳ ಮೇಲೊಂದು ಶೀಟಿನ ರೂಮು, ಹಿಂದೊಂದು ಔಟ್‌ಹೌಸ್ ವಿದ್ಯಾರ್ಥಿಗಳಿಗೆಂದೇ ಕಟ್ಟಿದಂತಿರುತ್ತವೆ. ಧಾರವಾಡದ ಸಪ್ತಾಪುರದ ಸುತ್ತ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ರೂಮುಗಳೂ ಖಾನಾವಳಿಗಳೂ ವಾಚನಾಲಯಗಳೂ ಒಂದಕ್ಕೊಂದು ಹೊಂದಿಕೊಂಡೇ ಬೆಳೆದಿವೆ. ಮಣಿಪಾಲದಲ್ಲಿ ಈಶ್ವರನಗರ, ವಿದ್ಯಾರತ್ನ ನಗರಗಳ ಅಪಾರ್ಟ್‌ಮೆಂಟುಗಳು ಬಹಳಮಟ್ಟಿಗೆ ಹೊರರಾಜ್ಯದ ವಿದ್ಯಾರ್ಥಿಗಳನ್ನು ನೆಚ್ಚಿಕೊಂಡಿವೆ. ಬೆಂಗಳೂರಿನ ವಿಜಯನಗರ, ಚಂದ್ರಾ ಲೇಔಟುಗಳಲ್ಲಿ ಕನ್ನಡ ಮಾಧ್ಯಮದ ಕೆಎಎಸ್ ಆಕಾಂಕ್ಷಿಗಳು ತುಂಬಿಕೊಂಡಿದ್ದರೆ, ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದ ವಿದ್ಯಾರ್ಥಿಗಳು ನಾಗರಭಾವಿಯ ಕಡೆ ರೂಮು ಹುಡುಕುತ್ತಾರೆ.

ಉತ್ತರ ಕರ್ನಾಟಕದಲ್ಲಿ ಊಟದ ಖರ್ಚು ಉಳಿಸುವ ಒಂದು ರೂಢಿ ಇನ್ನೂ ಪೂರ್ತಿ ಅಳಿದಿಲ್ಲ. ಊರಿನಿಂದ ಬರುವ ಬಸ್ಸಿಗೆ ತಾಯಿ ಜೋಳದ ರೊಟ್ಟಿ, ಪಲ್ಯ, ಚಟ್ನಿಪುಡಿಯ ಬುತ್ತಿಗಂಟು ಹಾಕುತ್ತಾಳೆ. ಮಗ ನಿಲ್ದಾಣಕ್ಕೆ ಹೋಗಿ ಬಿಡಿಸಿಕೊಂಡು ಬರುತ್ತಾನೆ. ಅನ್ನ ಒಂದನ್ನು ರೂಮಿನಲ್ಲೇ ಮಾಡಿಕೊಂಡರೆ ದಿನ ಕಳೆಯುತ್ತದೆ. ಅಡುಗೆಗೆ ಒಪ್ಪದ ಮಾಲೀಕನ ರೂಮು ಇಂಥ ಹುಡುಗನಿಗೆ ಬಾಡಿಗೆ ಕಡಿಮೆಯಿದ್ದರೂ ದುಬಾರಿಯೇ.

ಪಿಜಿ ಮೊದಲಿಗೆ ಮನೆಯವರು ತಮ್ಮದೊಂದು ಕೋಣೆಯನ್ನು ಊಟದೊಡನೆ ಕೊಡುವ ಏರ್ಪಾಟಾಗಿತ್ತು. ಇಂದು ಅದು ಮೂವತ್ತು ನಲವತ್ತರ ಸೈಟಿನಲ್ಲಿ ಎದ್ದ ನಾಲ್ಕೈದು ಮಹಡಿಯ ಕಟ್ಟಡ. ಕಟ್ಟಿಸಿದವರು ಒಬ್ಬರು, ಅದನ್ನು ಲೀಸಿಗೆ ಪಡೆದು ನಡೆಸುವವರು ಇನ್ನೊಬ್ಬರು, ದಿನದ ಉಸ್ತುವಾರಿ ಸಂಬಳದ ಮ್ಯಾನೇಜರನದು. ವಿದ್ಯಾರ್ಥಿಗೆ ಗೊತ್ತಿರುವುದು ಈ ಮೂರನೆಯವನು ಮಾತ್ರ. ನಡೆಸುವವರು ಲೀಸ್ ಬಿಟ್ಟು ಹೊರಟರೆ ಹೊಸಬರು ಹಳೆಯ ಅಡ್ವಾನ್ಸಿಗೆ ಹೊಣೆಯಲ್ಲವೆನ್ನುತ್ತಾರೆ, ಕಟ್ಟಡದ ಒಡೆಯರು ಆ ಹಣವನ್ನು ಕಂಡೇ ಇಲ್ಲ.

ಅಡ್ವಾನ್ಸ್, ಬಾಡಿಗೆ, ಕಾಲಾವಧಿ

ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವುದು ಹಳೆಯ ವಾಡಿಕೆ. ಈಗ ಹಲವೆಡೆ ಅದು ಐದಾರು ತಿಂಗಳಿಗೆ ಇಳಿದಿದೆಯಾದರೂ ವಿದ್ಯಾರ್ಥಿಗಳಿಗೆ ಮೊದಲ ಅಡ್ಡಿ ಇದೇ. ತಿಂಗಳಿಗೆ 12,000 ರೂಪಾಯಿಯ ಮನೆಗೆ ಹತ್ತು ತಿಂಗಳೆಂದರೆ 1,20,000. ನಾಲ್ವರು ಹಂಚಿಕೊಂಡರೂ ತಲಾ 30,000. ಬ್ರೋಕರ್ ಮೂಲಕ ಹೋದರೆ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ ಕಮಿಷನ್ನಿಗೆ. ಬಿಡುವಾಗ ಪೇಂಟಿಂಗಿಗೆಂದು ಮತ್ತೊಂದು ತಿಂಗಳದು ಮುರಿದುಕೊಳ್ಳುತ್ತಾರೆ. ಕರಾರುಪತ್ರ ನಾಲ್ವರಲ್ಲಿ ಒಬ್ಬನ ಹೆಸರಿನಲ್ಲಿರುತ್ತದೆ. ನಡುವೆ ಒಬ್ಬ ಓದು ಬಿಟ್ಟು ಹೊರಟರೆ ಅವನ ಪಾಲಿನ ಅಡ್ವಾನ್ಸನ್ನು ಮಾಲೀಕ ಕೊಡುವುದಿಲ್ಲ, ಅವನ ಜಾಗಕ್ಕೆ ಬರುವವನು ಕೊಡಬೇಕು. ಗೆಳೆತನಗಳು ಕೆಡುವುದು ಬಹುತೇಕ ಇಲ್ಲಿಯೇ.

ಕರಾರು ಹನ್ನೊಂದು ತಿಂಗಳಿಗೆ ಇರುವುದಕ್ಕೂ ಶೈಕ್ಷಣಿಕ ವರ್ಷಕ್ಕೂ ಸಂಬಂಧವಿಲ್ಲ. 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಬೇಕು. ಆ ಖರ್ಚು ತಪ್ಪಿಸಲು ಹನ್ನೊಂದು ತಿಂಗಳಿಗೆ ಬರೆಸುತ್ತಾರೆ. ಬೇಸಿಗೆ ರಜೆಗೆ ಊರಿಗೆ ಹೋದರೂ ಬಾಡಿಗೆ ನಿಲ್ಲುವುದಿಲ್ಲ. 2020ರ ಲಾಕ್‌ಡೌನ್ ಕಾಲದಲ್ಲಿ ಊರು ಸೇರಿದ ವಿದ್ಯಾರ್ಥಿಗಳು ಬೀಗ ಹಾಕಿದ ರೂಮಿಗೆ ಬಾಡಿಗೆ ಕಟ್ಟಬೇಕೇ ಬೇಡವೇ ಎಂಬ ಜಗಳ ಊರೂರಲ್ಲಿ ನಡೆಯಿತು.

ಕಾಲದ ತೊಡಕು ಇನ್ನೊಂದಿದೆ. ವೃತ್ತಿಪರ ಕೋರ್ಸುಗಳ ಸೀಟು ಹಂಚಿಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸುತ್ತುಗಳಲ್ಲಿ ನಡೆಯುತ್ತದೆ. ಕೊನೆಯ ಸುತ್ತಿನವರೆಗೂ ಯಾವ ಕಾಲೇಜು, ಯಾವ ಊರು ಎಂದು ಖಾತ್ರಿಯಿಲ್ಲ. ಖಾತ್ರಿಯಾದ ಮೇಲೆ ಕಾಲೇಜಿಗೆ ಹಾಜರಾಗಲು ಕೆಲವೇ ದಿನ. ಅಪ್ಪನೋ ಅಣ್ಣನೋ ಜೊತೆಗೆ ಬಂದು, ಫೀಸು ಕಟ್ಟಿ, ಸಂಜೆಯ ಬಸ್ಸಿಗೆ ಮುಂಚೆ ಕಣ್ಣಿಗೆ ಬಿದ್ದ ಪಿಜಿಗೆ ಸೇರಿಸಿ ಹೋಗುತ್ತಾರೆ. ನೀರು ಬರುತ್ತದೆಯೇ, ಕರೆಂಟಿನ ಮೀಟರು ಬೇರೆಯೇ, ಬಿಡಲು ಎಷ್ಟು ದಿನ ಮೊದಲು ಹೇಳಬೇಕು ಎಂಬುದನ್ನು ಆಮೇಲೆ ಕಲಿಯಬೇಕಾಗುತ್ತದೆ.

ಯಾರಿಗೆ ಕೊಡುತ್ತಾರೆ

‘ಟು ಲೆಟ್’ ಬೋರ್ಡಿನ ಕೆಳಗೆ ‘ಫ್ಯಾಮಿಲಿಗೆ ಮಾತ್ರ’, ‘ಸಸ್ಯಾಹಾರಿಗಳಿಗೆ ಮಾತ್ರ’ ಎಂದು ಬರೆದಿರುವುದು ಕರ್ನಾಟಕದ ಯಾವ ನಗರದಲ್ಲೂ ಅಪರೂಪವಲ್ಲ. ಮೊದಲನೆಯದು ಮದುವೆಯಾಗದ ಹುಡುಗರನ್ನು ನೇರವಾಗಿಯೇ ದೂರವಿಡುತ್ತದೆ; ಗಲಾಟೆ, ಸಿಗರೇಟು, ಹೊತ್ತಲ್ಲದ ಹೊತ್ತಿನ ಓಡಾಟ ಎಂಬ ಕಾರಣಗಳನ್ನು ಮಾಲೀಕರು ಮುಚ್ಚುಮರೆಯಿಲ್ಲದೆ ಕೊಡುತ್ತಾರೆ. ಎರಡನೆಯದು ಆಹಾರದ ಹೆಸರಿನಲ್ಲಿ ಜಾತಿ ಮತ್ತು ಮತವನ್ನು ಕೇಳುವ ಉಪಾಯ. ಬೋರ್ಡಿಲ್ಲದಲ್ಲಿ ‘ಯಾವೂರು, ಯಾರ ಪೈಕಿ’ ಎಂಬ ಮಾತು ಅದೇ ಕೆಲಸ ಮಾಡುತ್ತದೆ. ಫೋನಿನಲ್ಲಿ ಖಾಲಿಯಿದ್ದ ಮನೆ ಹೆಸರು ಹೇಳಿದೊಡನೆ ನಿನ್ನೆಯೇ ಹೋಯಿತು ಎಂದಾಗುವುದನ್ನು ದಲಿತ ಮತ್ತು ಮುಸ್ಲಿಂ ವಿದ್ಯಾರ್ಥಿಗಳು ಹೊಸತೆಂದು ಹೇಳುವುದಿಲ್ಲ.

ಕಾನೂನು ಇಲ್ಲಿ ಪೂರ್ತಿ ಮೌನವಾಗಿಲ್ಲ. ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆಗಳಂಥ ತಾಣಗಳನ್ನು ಹೆಸರಿಸುತ್ತದೆಯೇ ಹೊರತು ಖಾಸಗಿ ಬಾಡಿಗೆ ಮನೆಯನ್ನಲ್ಲ. ಆದರೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಲ್ಲಿ ಅಸ್ಪೃಶ್ಯತೆಯ ಆಧಾರದ ಮೇಲೆ ವಾಸದ ಮನೆಯಲ್ಲಿ ಇರದಂತೆ ತಡೆಯುವುದು ಅಪರಾಧ. ಮಾಲೀಕ ನಿಜವಾದ ಕಾರಣವನ್ನು ಬಾಯಿಬಿಟ್ಟು ಹೇಳುವುದಿಲ್ಲವಾದ್ದರಿಂದ ರುಜುವಾತು ಕಷ್ಟ. ಧರ್ಮದ ಕಾರಣಕ್ಕೆ ನಿರಾಕರಿಸಿದವರನ್ನು ಈ ಕಾಯ್ದೆಯೂ ಮುಟ್ಟುವುದಿಲ್ಲ.

ಈಶಾನ್ಯ ರಾಜ್ಯಗಳ ವಿದ್ಯಾರ್ಥಿಗಳ ಪಾಡು ಸ್ವಲ್ಪ ಬೇರೆ. 2012ರ ಆಗಸ್ಟ್‌ನಲ್ಲಿ ಹಲ್ಲೆಯ ವದಂತಿ ಹಬ್ಬಿ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿದಾಗ ಅವರಲ್ಲಿ ವಿದ್ಯಾರ್ಥಿಗಳೂ ಬಹಳ ಮಂದಿಯಿದ್ದರು. ಮಹಾನಗರಗಳಲ್ಲಿ ಈಶಾನ್ಯದವರ ಸಮಸ್ಯೆಗಳನ್ನು ಪರಿಶೀಲಿಸಲು ಕೇಂದ್ರ ಸರ್ಕಾರ 2014ರಲ್ಲಿ ನೇಮಿಸಿದ ಬೆಜ್‌ಬರುವಾ ಸಮಿತಿ ಬಾಡಿಗೆ ಮನೆಯ ತೊಂದರೆಗಳನ್ನೂ ಗಮನಿಸಿತು. ವಿದೇಶಿ ವಿದ್ಯಾರ್ಥಿಗಳ ವಿಷಯದಲ್ಲಿ ಮಾಲೀಕರೇ ಹಿಂಜರಿಯುತ್ತಾರೆ. ವಿದೇಶಿಯರನ್ನು ಇರಿಸಿಕೊಂಡವರು 24 ಗಂಟೆಯೊಳಗೆ ಸರ್ಕಾರಕ್ಕೆ ಮಾಹಿತಿ ಸಲ್ಲಿಸಬೇಕಾದದ್ದು ಅದಕ್ಕೊಂದು ಕಾರಣ.

ವಿದ್ಯಾರ್ಥಿನಿಯರಿಗೆ ಬ್ಯಾಚುಲರ್ ಎಂಬ ಆಕ್ಷೇಪ ಅಷ್ಟಾಗಿ ಇಲ್ಲ. ಅದರ ಬದಲು ಕಾವಲಿದೆ. ರಾತ್ರಿ ಎಂಟೂವರೆಗೋ ಒಂಬತ್ತಕ್ಕೋ ಗೇಟಿಗೆ ಬೀಗ, ತಡವಾದರೆ ಮನೆಗೆ ಫೋನು. ಗ್ರಂಥಾಲಯ, ಪ್ರಯೋಗಾಲಯ, ಅರೆಕಾಲಿಕ ಕೆಲಸ ಇವೆಲ್ಲ ಆ ಗಂಟೆಯೊಳಗೆ ಮುಗಿಯಬೇಕು. ಹೆತ್ತವರು ಬೀಗವಿರುವ ಪಿಜಿಯನ್ನೇ ಆರಿಸುವುದರಿಂದ ನಡೆಸುವವರಿಗೂ ಬದಲಿಸುವ ಒತ್ತಡವಿಲ್ಲ. ಬೀಗ ರಕ್ಷಣೆಯೆಂದಾಗುವುದಿಲ್ಲ ಎಂಬುದನ್ನು 2024ರ ಜುಲೈನಲ್ಲಿ ಬೆಂಗಳೂರಿನ ಕೋರಮಂಗಲದ ಪಿಜಿಯೊಂದರೊಳಗೇ ನಡೆದ ಯುವತಿಯ ಕೊಲೆ ತೋರಿಸಿತು. 2023ರ ಜೂನ್ 11ರಂದು ಜಾರಿಯಾದ ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣದಿಂದ ಹತ್ತಿರದ ಊರುಗಳ ಹುಡುಗಿಯರಿಗೆ ರೂಮು ಮಾಡದೆಯೇ ದಿನಾ ಓಡಾಡಿ ಓದುವ ದಾರಿಯಾಯಿತು. ಬೆಳಗಿನ ಬಸ್ಸಿನ ನೂಕುನುಗ್ಗಲು ಅದರ ಬೆಲೆ.

ನಿಯಮಗಳು ಮತ್ತು ಪರಿಹಾರ

ಕೋರಮಂಗಲದ ಪ್ರಕರಣದ ನಂತರ, 2024ರ ಆಗಸ್ಟ್‌ನಲ್ಲಿ, ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಪಿಜಿಗಳಿಗೆ ಮಾರ್ಗಸೂಚಿ ಹೊರಡಿಸಿತು. ಪ್ರತಿಯೊಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ, ಅಡುಗೆಮನೆಗೆ ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ಅದರಲ್ಲಿದ್ದವು. ಹತ್ತಡಿ ಹತ್ತಡಿಯ ಕೋಣೆಯಲ್ಲಿ ಮೂರು ಮಂಚ ಹಾಕಿದರೆ ತಲೆಗೆ 33 ಚದರ ಅಡಿ. ನಿಯಮಕ್ಕೂ ವಾಸ್ತವಕ್ಕೂ ಇರುವ ದೂರವನ್ನು ಅಳೆಯಲು ಈ ಲೆಕ್ಕವೇ ಸಾಕು. ರ‍್ಯಾಗಿಂಗ್ ತಡೆಗೆ ವಿಶ್ವವಿದ್ಯಾಲಯ ಅನುದಾನ ಆಯೋಗ 2009ರಲ್ಲಿ ತಂದ ನಿಯಮಗಳೂ ಆವರಣದ ಹೊರಗಿನ ಖಾಸಗಿ ಹಾಸ್ಟೆಲು, ಲಾಡ್ಜುಗಳು ಪೊಲೀಸರಲ್ಲಿ ನೋಂದಣಿಯಾಗಬೇಕೆಂದು ಹೇಳಿದ್ದವು.

ತೆರಿಗೆಯ ಗೊಂದಲ ಕೆಲಕಾಲ ಇತ್ತು. ಹಾಸ್ಟೆಲ್ ನಡೆಸಲು ಬಾಡಿಗೆಗೆ ಕೊಟ್ಟ ಕಟ್ಟಡವನ್ನು ವಾಸದ ಮನೆಯೆಂದೇ ಪರಿಗಣಿಸಿ ಜಿಎಸ್‌ಟಿ ವಿನಾಯಿತಿ ಕೊಡಬೇಕೆಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಹೇಳಿತು. ಮರುವರ್ಷ ರಾಜ್ಯದ ಮುಂಗಡ ತೀರ್ಪು ಪ್ರಾಧಿಕಾರ ಪಿಜಿ ಶುಲ್ಕಕ್ಕೆ ಶೇ. 12ರ ಜಿಎಸ್‌ಟಿ ಅನ್ವಯವೆಂದಿತು. 2024ರ ಜೂನ್‌ನಲ್ಲಿ ಜಿಎಸ್‌ಟಿ ಮಂಡಳಿಯು ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿ ಮೀರದ, ಸತತ 90 ದಿನವಾದರೂ ಇರುವ ವಸತಿಗೆ ವಿನಾಯಿತಿ ಶಿಫಾರಸು ಮಾಡಿದ್ದರಿಂದ ಬಹುಪಾಲು ವಿದ್ಯಾರ್ಥಿಗಳ ಮಟ್ಟಿಗೆ ಈ ಗೊಂದಲ ಮುಗಿಯಿತು.

ಬಾಡಿಗೆ ಕಾನೂನಿನ ಆಸರೆ ತೆಳುವಾದದ್ದು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸುವುದು ಅಲ್ಪ ಬಾಡಿಗೆಯ ಮನೆಗಳಿಗೆ. ಇಂದಿನ ಬೆಂಗಳೂರಿನ ದರಗಳಲ್ಲಿ ಬಹುತೇಕ ಮನೆಗಳು ಆ ಮಿತಿಯ ಹೊರಗೆ. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಯ ಅಡ್ವಾನ್ಸನ್ನು ಎರಡು ತಿಂಗಳ ಬಾಡಿಗೆಗೆ ಸೀಮಿತಗೊಳಿಸುತ್ತದೆ, ಆದರೆ ಅದು ರಾಜ್ಯಗಳಿಗೆ ಕೊಟ್ಟ ಮಾದರಿಯಷ್ಟೇ. ಪಿಜಿಯಲ್ಲಿರುವವರನ್ನು ಸಾಮಾನ್ಯವಾಗಿ ಬಾಡಿಗೆದಾರರೆಂದಲ್ಲ, ಅನುಮತಿ ಪಡೆದು ಇರುವವರೆಂದು ಕಾಣುವುದರಿಂದ ಹಠಾತ್ತಾಗಿ ಹೊರಹಾಕಿದರೆ ಬಾಡಿಗೆದಾರರಿಗಿರುವ ರಕ್ಷಣೆಯೂ ಅವರಿಗೆ ಸಿಗುವುದು ಕಷ್ಟ. ಅವರ ಕೈಗೆಟುಕುವ ಸುಲಭ ಪರಿಹಾರ ಗ್ರಾಹಕರ ಆಯೋಗದ್ದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಊಟ ಮತ್ತು ವಸತಿ ಒದಗಿಸುವುದನ್ನು ಸೇವೆಯ ವ್ಯಾಖ್ಯೆಯಲ್ಲೇ ಸೇರಿಸಿದೆ. ದೂರು ನಿಲ್ಲಲು ಹಣ ಕೊಟ್ಟದ್ದಕ್ಕೆ ಪುರಾವೆ ಬೇಕು. ರಸೀದಿ ಕೊಡುವ ಪಿಜಿಗಳು ಕಡಿಮೆ. ನಗದಿನ ಬದಲು ಯುಪಿಐ ಮೂಲಕ ಕಟ್ಟಿದ ಅಡ್ವಾನ್ಸಿಗೆ ಬ್ಯಾಂಕಿನ ದಾಖಲೆಯೇ ರಸೀದಿಯಾಗಿ ನಿಲ್ಲುತ್ತದೆ.