ಹಿಟ್ಟಿನ ಕೋಳಿ ಕೂಗಿದ್ದೇಕೆ? ಜನ್ನನಲ್ಲಿ ಅನುಕಂಪೆ ಮತ್ತು ನೀತಿಯ ನೆಲೆ

ಜನ್ನನ ‘ಯಶೋಧರ ಚರಿತೆ’ಯನ್ನು (1209) ಸಂಕಲ್ಪಹಿಂಸೆಯ ದೃಷ್ಟಾಂತವೆಂದು ಓದಿಸುವ ರೂಢಿ ಎಷ್ಟು ಗಟ್ಟಿಯಾಗಿದೆಯೆಂದರೆ, ಕಾವ್ಯ ತೆರೆಯುವ ಮೊದಲೇ ವಿದ್ಯಾರ್ಥಿಗೆ ಅದರ ತೀರ್ಪು ಗೊತ್ತಿರುತ್ತದೆ: ಕೊಲ್ಲುವ ಮನಸ್ಸು ಮಾಡಿದರೆ ಕೊಂದಂತೆಯೇ. ನಮ್ಮ ಮುಂಬಯಿ ಕಡೆ ಇದರ ಮೇಲೆ ಇನ್ನೊಂದು ಪದರ ಕೂತಿದೆ. ಕಾವ್ಯವನ್ನು ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ದ ಮೂಲಕವೇ ಬಲ್ಲವರು ಹೆಚ್ಚು. ದಿವಾ ದಾಟಿದ ಕರ್ಜತ್ ಲೋಕಲ್ ನೇರಳಕ್ಕೆ ಹೋಗುತ್ತದೆ. ಅಲ್ಲಿಂದ ಬೆಟ್ಟ ಹತ್ತಿದರೆ ಕಾರ್ನಾಡರು 1938ರಲ್ಲಿ ಹುಟ್ಟಿದ ಮಾಥೇರಾನ್. ಅವರು ನಮ್ಮವರೆಂಬ ಅಭಿಮಾನ ನನಗೂ ಇದೆ. ಆದರೆ ಇಪ್ಪತ್ತನೆಯ ಶತಮಾನದ ನಾಟಕವನ್ನು ಹದಿಮೂರನೆಯ ಶತಮಾನದ ಕಾವ್ಯಕ್ಕೆ ಟೀಕೆಯಾಗಿ ಬಳಸುವುದನ್ನು ನಾನು ಒಪ್ಪಲಾರೆ.

ಸಂಕಲ್ಪವಾದಿಗಳು ಕೈಬಿಟ್ಟ ಸಾಕ್ಷ್ಯ ಕಾವ್ಯದೊಳಗೇ ಇದೆ. ರಾಣಿ ಅಮೃತಮತಿ ಮಾವುತನ ಬಳಿ ಹೋದ ಇರುಳು ಗಂಡ, ದೊರೆ ಯಶೋಧರ ಹಿಂಬಾಲಿಸಿ ನೋಡುತ್ತಾನೆ, ಇಬ್ಬರನ್ನೂ ಕಡಿಯಲು ಕತ್ತಿ ಎತ್ತುತ್ತಾನೆ, ಆಮೇಲೆ ಇಳಿಸುತ್ತಾನೆ. ಕಂಡದ್ದನ್ನು ತಾಯಿಗೆ ಹೇಳಲಾಗದೆ ಕನಸೆಂದು ಮರೆಮಾಚುತ್ತಾನೆ. ತಾಯಿ ಚಂದ್ರಮತಿ ಅದನ್ನು ಅಪಶಕುನವೆಂದು ತಿಳಿದು ಬಲಿ ಕೊಡಬೇಕೆನ್ನುತ್ತಾಳೆ. ಜೀವವಿರುವ ಪ್ರಾಣಿ ಬೇಡ, ಹಿಟ್ಟಿನ ಕೋಳಿ ಸಾಕು ಎಂದು ರಾಜಿಯಾಗುತ್ತದೆ. ತಾಯಿ ಮಗ ಇಬ್ಬರೂ ನವಿಲು, ನಾಯಿಗಳಿಂದ ಮೊದಲುಗೊಂಡು ಜನ್ಮಜನ್ಮಾಂತರ ಬೇಯುವುದು ಈ ಕೋಳಿಯ ದೆಸೆಯಿಂದ.

ಸಂಕಲ್ಪವೇ ಪಾಪದ ಅಳತೆಯಾಗಿದ್ದರೆ ಎರಡು ಮನುಷ್ಯಜೀವಗಳ ಮೇಲೆ ಎತ್ತಿದ ಕತ್ತಿ ಹಿಟ್ಟಿನ ಮುದ್ದೆಗಿಂತ ಹಗುರವಾದದ್ದು ಹೇಗೆ? ಅಲ್ಲಿ ಸಂಕಲ್ಪ ಹಿಂದೆಗೆಯಿತು, ಇಲ್ಲಿ ನೆರವೇರಿತು ಎಂದು ಉತ್ತರಿಸಬಹುದು. ಒಪ್ಪೋಣ. ಆದರೆ ಹಾಗೆಂದ ಮರುಗಳಿಗೆಯೇ ಮನಸ್ಸೊಂದೇ ಸಾಕೆಂಬ ಮೂಲ ವಾದ ಬಿದ್ದುಹೋಯಿತು. ನೆರವೇರಿದ್ದೇನು ಎಂದು ಕೇಳಬೇಕಾಯಿತು. ನೆರವೇರಿದ್ದು ಒಂದು ಕೂಗು. ಕತ್ತಿ ಬಿದ್ದಾಗ ಕೋಳಿ ಕೂಗಿತು. ಅದರೊಳಗೆ ಬೆಂತರ ಹೊಕ್ಕಿತ್ತೆಂದು ಕವಿ ನಮಗೆ ಹೇಳುತ್ತಾನೆ ನಿಜ. ಅಷ್ಟಕ್ಕೇ ಇದನ್ನು ಅದ್ಭುತರಸದ ಅಲಂಕಾರವೆಂದು ಬದಿಗೆ ಸರಿಸಿದವರಿದ್ದಾರೆ. ಅವರು ಗಮನಿಸಬೇಕಾದದ್ದು ದೊರೆಯ ನಡುಕವನ್ನು. ಅವನ ಕಿವಿಗೆ ಬಿದ್ದದ್ದು ಒಂದು ಜೀವದ ಕೂಗು. ನಿಯಮವನ್ನು ಜಾಣತನದಿಂದ ದಾಟಿದೆನೆಂದುಕೊಂಡಿದ್ದವನಿಗೆ ತಾನು ಮಾಡಿದ್ದು ಕೊಲೆಯೆಂದು ಹೊಳೆದದ್ದು ಆಗ. ತತ್ತ್ವ ಅವನಿಗೆ ಮೊದಲೇ ಗೊತ್ತಿತ್ತು, ಜೀವಬಲಿಯನ್ನು ನಿರಾಕರಿಸಿದವನೇ ಅವನು. ಗೊತ್ತಿದ್ದುದು ತಡೆಯಲಿಲ್ಲ.

ಈ ಕೂಗನ್ನು ಒಂಟಿಯಾಗಿ ಓದಬಾರದು. ಅಮೃತಮತಿ ಮಾವುತನಿಗೆ ಸೋತದ್ದು ಅವನ ಮುಖ ನೋಡಿ ಅಲ್ಲ, ಇರುಳಲ್ಲಿ ತೇಲಿಬಂದ ಹಾಡು ಕೇಳಿ. ಕಡೆಯ ತಿರ್ಯಗ್ಜನ್ಮದಲ್ಲಿ ತಾಯಿ ಮಗ ನಿಜವಾದ ಕೋಳಿಗಳಾಗಿ ಹುಟ್ಟುತ್ತಾರೆ. ಮುನಿಯ ಧರ್ಮಬೋಧೆ ಕಿವಿಗೆ ಬಿದ್ದು, ಹಳೆಯ ಭವಗಳು ನೆನಪಾಗಿ, ಆನಂದದಿಂದ ಕೂಗುತ್ತಾರೆ. ಆ ದನಿಯನ್ನೇ ಗುರಿಯಾಗಿಸಿ ಬಾಣ ಬಿಟ್ಟವನು ಯಶೋಮತಿ, ಯಶೋಧರನ ಮಗ. ಮಡದಿ ಕುಸುಮಾವಳಿಗೆ ತನ್ನ ಶಬ್ದವೇಧಿ ವಿದ್ಯೆ ತೋರಿಸುವ ಉಮೇದು ಅವನಿಗೆ. ಸತ್ತ ಕೋಳಿಗಳು ಅವಳ ಬಸಿರಲ್ಲೇ ಅಭಯರುಚಿ, ಅಭಯಮತಿಯರಾಗಿ ಹುಟ್ಟುತ್ತವೆ. ಒಂದೇ ಕಿವಿ ಪ್ರೇಮಕ್ಕೂ ನಡುಕಕ್ಕೂ ಅರಿವಿಗೂ ಕೊಲೆಗೂ ದಾರಿಯಾದ ಈ ಹೆಣಿಗೆಯನ್ನು ಆಕಸ್ಮಿಕವೆನ್ನಲು ಸಾಧ್ಯವೇ?

ಕೂಗು ಕೇಳಿ ನಡುಗುವುದು ಅನುಕಂಪೆ. ಅದನ್ನೇ ನೀತಿಯ ಬುಡವೆಂದವರಲ್ಲಿ ಶೋಪೆನ್‌ಹೌವರ್ ಮುಖ್ಯ. ಕಾಂಟನ ಕರ್ತವ್ಯವಾದವನ್ನು ಎದುರಿಸಿದ ಅವನ ಪ್ರಬಂಧಕ್ಕೆ 1840ರಲ್ಲಿ ಡೆನ್ಮಾರ್ಕಿನ ರಾಯಲ್ ಸೊಸೈಟಿ ಬಹುಮಾನ ಕೊಡಲಿಲ್ಲ. ಸ್ಪರ್ಧೆಗೆ ಬಂದದ್ದು ಅದೊಂದೇ ಆಗಿದ್ದರೂ! ಹಿಟ್ಟಿನ ಕೋಳಿಯ ಮಟ್ಟಿಗೆ ಜನ್ನ ಅವನ ಪಕ್ಷ. ಶಬ್ದವೇಧಿಯ ಮಟ್ಟಿಗೆ ಅಲ್ಲ. ಇನ್ನೊಬ್ಬರ ನೋವನ್ನು ಅರಿಯುವುದೇ ಕರುಣೆಯಲ್ಲ, ಕ್ರೂರಿಗೂ ಆ ಅರಿವು ಬೇಕು ಎಂದು ಮ್ಯಾಕ್ಸ್ ಶೇಲರ್ 1913ರಲ್ಲಿ ಎತ್ತಿದ ಆಕ್ಷೇಪಕ್ಕೆ ಯಶೋಮತಿ ಹತ್ತಿರದವನು. (ಪೂರ್ತಿ ಆ ಕ್ರೂರಿಯಂಥವನಲ್ಲ. ಯಶೋಮತಿಗೆ ದನಿಯ ದಿಕ್ಕು ತಿಳಿಯಿತು, ದನಿಯೊಳಗಿನ ಜೀವ ತಿಳಿಯಲಿಲ್ಲ.)

ಸಂಕಲ್ಪವಾದ ಇಷ್ಟು ಬೇರೂರಲು ಒಂದು ಐತಿಹಾಸಿಕ ಕಾರಣವಿದೆ. ಜನ್ನನ ಮೇಲೆ ಸೋಮದೇವಸೂರಿಯ ನೆರಳನ್ನು ಅಳತೆ ಮೀರಿ ಚಾಚಿದ್ದೇವೆ. ಇದೇ ಕಥೆಯ ‘ಯಶಸ್ತಿಲಕ’ವನ್ನು ಸೋಮದೇವ ಮುಗಿಸಿದ್ದು 959ರಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ. ಅಸ್ಸಾಮಿನ ಕೃಷ್ಣಕಾಂತ ಹಂದಿಕೈ ಅವರ ‘ಯಶಸ್ತಿಲಕ ಅಂಡ್ ಇಂಡಿಯನ್ ಕಲ್ಚರ್’ 1949ರಲ್ಲೇ ಸೊಲ್ಲಾಪುರದಿಂದ ಹೊರಬಂದಿದೆ. ಅಷ್ಟು ಹತ್ತಿರ ಅಚ್ಚಾದ ಪುಸ್ತಕವನ್ನು ನಮ್ಮವರು ಹೆಸರಿಸುವಷ್ಟು ಓದಿದ್ದರೆ ಚೆನ್ನಾಗಿತ್ತು. ಸೋಮದೇವನ ಎಂಟು ಆಶ್ವಾಸಗಳಲ್ಲಿ ಕಡೆಯ ಮೂರು ಶ್ರಾವಕಾಚಾರಕ್ಕೇ ಮೀಸಲು. ಅಲ್ಲಿ ಕಥೆ ಶಾಸ್ತ್ರದ ಮುಂಬಾಗಿಲು. ಜನ್ನ ಹೆಚ್ಚು ಹಿಂಬಾಲಿಸಿದ್ದು ವಾದಿರಾಜನ ಸಣ್ಣ ಸಂಸ್ಕೃತ ಕಾವ್ಯವನ್ನು. ಜನ್ನನದೂ ಬಹುಪಾಲು ಕಂದಗಳಲ್ಲೇ ಸಾಗುವ ನಾಲ್ಕು ಅವತಾರಗಳ ಕಿರುಗಾವ್ಯ. ಶಾಸ್ತ್ರಕ್ಕೆ ಅಷ್ಟು ಕಡಿಮೆ ಜಾಗ ಕೊಟ್ಟವನ ಬಾಯಲ್ಲಿ ಶಾಸ್ತ್ರದ ಸೂತ್ರವನ್ನೇ ತುರುಕುವುದು ಸಂಶೋಧನೆಯಲ್ಲ.

ನನ್ನ ಓದಿಗೆ ಒಗ್ಗದ ಭಾಗವೂ ಇದೆ. ಗಂಡನಿಗೂ ಅತ್ತೆಗೂ ವಿಷವಿಕ್ಕಿದ ಅಮೃತಮತಿಯನ್ನು ಜನ್ನ ನರಕಕ್ಕೆ ಕಳಿಸುತ್ತಾನೆ. ಹಾಡು ಕೇಳಿ ಕರಗಿದ ಅವಳ ಕಿವಿಗೆ ಮುಂದೆ ಯಾವ ಕೂಗೂ ಮುಟ್ಟುವುದಿಲ್ಲ. ಕಾವ್ಯದ ಚೌಕಟ್ಟಿನ ಕಥೆಯ ದೊರೆ ಮಾರಿದತ್ತನಿಗೆ ಸಿಕ್ಕ ಅವಕಾಶ ಅವಳಿಗಿಲ್ಲ. ಚಂಡಮಾರಿ ದೇವತೆಗೆ ಬಲಿಯಾಗಿ ಎಳೆತಂದ ಹುಡುಗ ಅಭಯರುಚಿಯ ಬಾಯಿಂದ ಇಡೀ ಕಥೆ ಕೇಳಿದ ಮೇಲೆ ಮಾರಿದತ್ತ ಬಲಿಯನ್ನೇ ಬಿಡುತ್ತಾನೆ. ಪ್ರೇಮದಿಂದ ತೆರೆದ ಕಿವಿ ಕರುಣೆಗೆ ಏಕೆ ತೆರೆಯಲಿಲ್ಲ ಎಂಬುದಕ್ಕೆ ಸಂಕಲ್ಪವಾದಿಗಳು ಕೊಡುವ ಉತ್ತರ ಕರ್ಮ. ಜನ್ನ ಅವಳ ಹಾದಿಯನ್ನು ಹೆಜ್ಜೆಹೆಜ್ಜೆಗೂ ತೋರಿಸುತ್ತಾನೆ, ಕಾರಣವನ್ನು ಮಾತ್ರ ಕೊಡುವುದಿಲ್ಲ.